ಇಳಿಯವರಿಲ್ಲದ ಸ್ಟೇಜು

ಹತ್ತೊಂಬತ್ತು ವರ್ಷ ಈ ಬೋರ್ಡಿನ ಮುಂದ ಹಾದೀನಿ.
ಕೃಷ್ಣಮೃಗ ಅಭಯಾರಣ್ಯ. ಬಾಣದ ಗುರುತು. ತುಕ್ಕು.
ರಾಣೇಬೆನ್ನೂರ ಬಿಟ್ಟ ಮ್ಯಾಲ, ಹುಲ್ಲತ್ತಿ ಇನ್ನೂ ಬರೂಕಿಂತ ಮೊದಲ
"ಯಾರರ ಇಳಿಯವರು?" ಅಂತ ಕೇಳತಿದ್ದೆ.
ಯಾರೂ ಹೂಂ ಅಂತಿರಲಿಲ್ಲ.
ಸೀಟಿ. ರೈಟ್.
ಶೇಂಗಾದ ಚೀಲ, ಪರೀಕ್ಷಾಕ್ಕ ಹೊಂಟ ಹುಡಿಗ್ಯಾರು,
ಕಾಲು ಕಟ್ಟಿದ ಕೋಳಿ, ಎಲ್ಲಾ ದಾಟಿ ಹೋದವು.
ನಾನೂ.

ಇವತ್ತ ಇಳಿದೆ.
ಸೊನ್ನೆ ರೂಪಾಯಿದ ಚೀಟಿ ಹರಿದು ಕೊಟ್ಟ ಹೊಸ ಕಂಡಕ್ಟರ್ ಹುಡುಗ
"ಇಲ್ಲೇನೈತ್ರಿ ಅವ್ವಾರ, ಬರೇ ಬಯಲು" ಅಂದ.
ಹೌದು, ನಾನೂ ಹಂಗ ಅಂದಿದ್ದೆ ಒಬ್ಬಾಂವಗ,
ಕೊರಳಾಗ ದುರ್ಬೀನು ಹಾಕ್ಕೊಂಡಿದ್ದ, ಯಾವ ದೇಶದಾಂವೋ.

ಗೇಟಿನ್ಯಾಗ ದಾವಲಸಾಬ. ಖಾಕಿ ಅಂಗಿ, ಹವಾಯಿ ಚಪ್ಪಲಿ.
ನೂರರ ನೋಟು ನೋಡಿ ತಲಿ ಕೆರಕೊಂಡ: "ಚಿಲ್ಲರ ಇಲ್ರಿ."
ಚೀಟಿ ಹಿಂದ ಬಾಕಿ ಬರದ, ಕೆಳಗ ಒಂದು ಸಹಿ.
ನಕ್ಕೆ. ನನ್ನ ಕೈಯಾಗಿನ ವಿದ್ಯಾ, ತಿರುಗಿ ನನಗ.

"ಅರಣ್ಯ ಎಲ್ಲೈತಿ?" ಅಂದೆ.
"ನಿಂತೀರಲ್ಲ, ಇದ."
ಮೊಣಕಾಲ ಮಟ್ಟ ಕರಡ, ಜಾಲಿಕಂಟಿ, ಕರಿ ಎರಿಯ ಬಿರುಕು,
ಆ ಕಡೆ ಸಾಲಿಗೆ ನಿಂತ ನೀಲಗಿರಿ,
ಹಾಜರಿಗೆ ನಿಂತ ಸಾಲಿ ಹುಡುಗರಂಗ.
"ಹಸರು ಮಾಡೂಣು ಅಂತ ಹಚ್ಚಿದ್ರು, ಪಾಪ.
ಬಯಲಿನ ಹಕ್ಕಿಗೆ ಬಯಲ ಮನಿ ಅಂತ
ಯಾರಿಗೆ ಹೊಳದೀತು?"

ಹಕ್ಕಿ ಹೆಸರು ಎರೆಭೂತ.
ಅವರಪ್ಪ ಕಂಡಿದ್ದನಂತ: ಎದಿಮಟ್ಟ,
ಕಪ್ಪು ಟೊಪಗಿ, ಗೌಡಕಿ ನಡಿಗಿ,
ಗಂಡು ಗಂಟಲಾ ಉಬ್ಬಿಸಿ ಕೂಗಿದ್ರ
ಹೊಲದಾಗ ಮಲಗಿದವರು ಎದ್ದು ಕೂಡತಿದ್ರಂತ.
"ನೀವು?"
"ನಾ ಬರೇ ಹೆಸರು ಕಂಡೀನ್ರಿ."

ನಡದ್ವಿ. ನಡೂಮನಿ ಹೊತ್ತು ಮಾತಿಲ್ಲ.
ಹುಬ್ಬಳ್ಳ್ಯಾಗ ಚಿಗರಿ ಅಂದ್ರ ಬಸ್ಸು:
ತಣ್ಣನ್ನ ಗಾಳಿ, ತಾನ ತೆರಿಯೋ ಬಾಗಿಲು,
ಕಂಡಕ್ಟರನ್ನ ಬ್ಯಾಡಾದ ಬಸ್ಸು.
ನಮ್ಮ ಓಣಿ ಹುಡುಗರಿಗೆ ಚಿಗರಿಗೆ ಕೋಡು ಅದಾವು ಅಂದ್ರ
ನನ್ನ ಮುಖಾ ನೋಡತಾವು.

ದಾವಲಸಾಬ ಅಂಗೈ ಒಡ್ಡಿ ತಡದ.
ಮೊದಲು ಏನೂ ಇಲ್ಲ. ಆಮ್ಯಾಲ ಹುಲ್ಲಿಗೆ ಕಿವಿ ಬಂದವು.
ಒಂದು ಹೆಣ್ಣು ಜಿಗೀತು, ಬೆನ್ನತ್ತಿದವರು ಯಾರೂ ಇಲ್ಲ,
ಬರೇ ಜಿಗಿದರಾತು ಅಂತ ಜಿಗಿದಂಗ.
ಅದರ ಹಿಂದ ಇನ್ನೊಂದು, ಇನ್ನಾ, ಎಣಿಕಿ ತಪ್ಪಿತು,
ಎಪ್ಪತ್ತು ಮಂದಿ ತುಂಬಿದ ಬಸ್ಸಿನ್ಯಾಗ
ಒಂದ ತಲಿ ತಪ್ಪಿಸದ ನನಗ.
ಕಡೀಕ ಕರಿ ಗಂಡು. ಹಗ್ಗದಂಗ ಹೊಸೆದ ಕೋಡು.
ಓಡಲಿಲ್ಲ. ನಮ್ಮನ್ನ ನೋಡಿತು,
ಪಾಸು ತೋರಸ್ರಿ ಅಂದಂಗ.

ಸಂಜೀಕ ಚೌಕ್ಯಾಗ ಚಾ. ದಾವಲಸಾಬ ವಹಿ ತಗದ.
ಚಿಗರಿ: ಅರವತ್ತೆಂಟು. ನರಿ: ಎರಡು. ತೋಳ: ಹೆಜ್ಜಿ ಅಷ್ಟ.
ಎರೆಭೂತ: ಒಂದು ಅಡ್ಡಗೆರಿ.
ಹಾಳಿ ತಿರುವಿದೆ. ನಿನ್ನೆ ಗೆರಿ. ಮೊನ್ನೆ ಗೆರಿ.
ಹೋದ ವರ್ಷದ ವಹಿ, ಗೆದ್ದಲು ಹತ್ತಿದ್ದು, ಅದರಾಗೂ.
"ಈ ಖಾನೆ ತಗದ ಹಾಕ್ರಿ ಅನ್ನೂದಿಲ್ಲೇನು ಸಾಹೇಬ್ರು?"
"ಅಂತಾರ್ರಿ. ಹೊಸಾ ವಹಿ ಬಂದಾಗ
ನಾ ಸ್ಕೇಲ್ ಹಿಡದು ಗೆರಿ ಹೊಡಕೋತೀನಿ."

ನನಗ ತಿಳೀತು.
ಖಾಲಿ ಹೋದ ಟ್ರಿಪ್ಪನ್ನೂ ವೇಬಿಲ್ಲಿನ್ಯಾಗ ಬರೀಬೇಕು,
ಬಸ್ಸು ಹೋಗಿತ್ತು ಅನ್ನೂದಕ್ಕ ಅದ ಸಾಕ್ಷಿ.

ಏಳರ ಬಸ್ಸಿನ ದೀಪ ಕಂಡು ಓಡಿದೆ.
ಸೀಟಿನ್ಯಾಗ ಕುಂತು ಸೆರಗಿನ ಗಂಟು ಬಿಚ್ಚಿದ್ರ
ಚೀಟಿ, ಅದರ ಹಿಂದ ದಾವಲಸಾಬನ ಸಹಿ:
ಬಾಕಿ ಇಸಗೊಳ್ಳೂದು ಮರತಿದ್ದೆ.
ಹುಡುಗ ಕೇಳಿದ, "ನಿಲ್ಲಸ್ಲೇನ್ರಿ ಅವ್ವಾರ?"

ಬ್ಯಾಡಪಾ.
ರೈಟ್.