ಮೂರ್ತೆಯ ದೂಮಣ್ಣ ಬಾಟಲಿ ಮೂಸಿದ್ದು

ಹಲ್ಲು ಕೀಳಿಸಲು ಹಂಪನಕಟ್ಟೆಗೆ ಕರೆದೊಯ್ದದ್ದಕ್ಕೆ
ಹಡಗಿನ ಅಡುಗೆಯವ ಕೊಟ್ಟ ಬಾಟಲಿ ಇದು.
ಬಾಯ್ತುಂಬ ಹತ್ತಿ, ಮಾತಿಲ್ಲ.
ಈರುಳ್ಳಿ ಎರಡು ಕ್ವಿಂಟಾಲ್, ಕೊತ್ತಂಬರಿ ನಲವತ್ತು ಕಟ್ಟು
ಎಂದಿದ್ದ ನನ್ನ ಬಿಲ್ಲಿನ ಬೆನ್ನಿಗೆ
ಬೆಟ್ಟ ಬರೆದ. ನೆತ್ತಿಯ ಹತ್ತಿರ ಗುಲಗಂಜಿಯಷ್ಟು ಚುಕ್ಕಿ.
ಸಾವಿರದ ನೂರು ಎಂದು ಬರೆದು ಗಾಳಿಗೆ ಕೈಯೆತ್ತಿದ.
ತೊಂಬತ್ತು ಎಂದು ಬರೆದು ಅಜ್ಜನ ಹಾಗೆ ಗಡ್ಡ ನೀವಿಕೊಂಡ.
ಅವನಿಗೆ ಗಡ್ಡ ಇರಲಿಲ್ಲ.

ಗಾರ್ನಾಚಾ, ಎಂದಿತು ಹತ್ತಿಯೊಳಗಿಂದ ಹೆಸರು.

ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟಿಸಿ ತಂದೆ
ಮೀನಿನ ಬುಟ್ಟಿಗಳ ನಡುವೆ,
ಯಾರದೋ ಔಷಧ ಎಂಬ ಮುಖ ಮಾಡಿ.

ಕುಡಿಯಲು ಜೊತೆ ಬೇಕು. ತಣ್ಣೀರುಬಾವಿಯಲ್ಲಿ ಜೊತೆಯೆಂದರೆ ದೂಮಣ್ಣ:
ನಲವತ್ತೆರಡು ವರ್ಷ ಮೂರ್ತೆ,
ಹದಿನೆಂಟು ಮರ, ದಿನಕ್ಕೆ ಮೂರು ಹೊತ್ತು.
ಈಗ ಮಂಡಿ ಬೇಡವೆಂದಿದೆ.
ತಳೆ ಮಾತ್ರ ಮೊಳೆಯಲ್ಲಿ, ಸಂಘದ ಕ್ಯಾಲೆಂಡರಿನ ಪಕ್ಕ.

ಬಿರಟೆ ತೆಗೆಯುವ ತಿರುಪು ನಮ್ಮಲ್ಲೆಲ್ಲಿ?
ಹೊಂಬಾಳೆ ಕೆತ್ತುವ ಕತ್ತಿಯ ತುದಿಯಲ್ಲೇ
ಎಳೆದ, ಚೂರೂ ಮುರಿಯದೆ.
ಮೂಸಿದ. "ಇದೂ ಮರವೇ, ತೊಗಟೆ."
ಬಾಟಲಿಗಿಂತ ಮೊದಲು ಬಿರಟೆಗೆ ಮರ್ಯಾದೆ.

ಸ್ಟೀಲು ಲೋಟಕ್ಕೆ ಬಿದ್ದದ್ದು ಕಡುಗೆಂಪಲ್ಲ,
ಪುನರ್ಪುಳಿ ನೀರಿನಷ್ಟು ತೆಳು.
"ನೀರು ಬೆರೆಸಿದ್ದಾರೆ," ದೂಮಣ್ಣನ ತೀರ್ಪು.
ನಲವತ್ತೆರಡು ವರ್ಷ ಅವನ ಮೇಲೇ ಇದ್ದ ಆರೋಪ.

ಆಮೇಲೆ ಒಂದು ಗುಟುಕು.
ಆಮೇಲೆ, ಹೊಳೆಯಲ್ಲಿ ಬಾರ್ಜೊಂದು ದಾಟುವಷ್ಟು ಹೊತ್ತು,
ಸುಮ್ಮನೆ.

ನನ್ನ ನಾಲಿಗೆಗೆ ಸಿಕ್ಕಿದ್ದು ಹೇಳಲೆ?
ಕಾದ ಕಲ್ಲಿಗೆ ಮೊದಲ ಹನಿ ಬಿದ್ದ ವಾಸನೆ,
ಕೇಪುಳ ಹಣ್ಣಿನ ಒಗರು,
ಆಚೆ ಮನೆಯಲ್ಲಿ ಯಾರೋ ಕಿತ್ತಳೆ ಸುಲಿದ ಹಾಗೆ.
ಘಾಟಿಲ್ಲ, ಮೈಮೇಲೆ ಬೀಳುವುದಿಲ್ಲ.
ಎರಡೇ ಮಾತಾಡಿ ಎದ್ದು ಹೋದವರು
ಹೋದ ಮೇಲೂ ಕೋಣೆಯಲ್ಲಿ ಇರುತ್ತಾರಲ್ಲ, ಹಾಗೆ.

"ಎಷ್ಟು ಎತ್ತರ ಅಂದೆ?"
ಸಾವಿರದ ನೂರು ಮೀಟರು.
ಬೆರಳು ಮಡಚಿ ತಾಳೆಮರದ ಲೆಕ್ಕಕ್ಕೆ ತಂದ:
"ಒಂದರ ಮೇಲೊಂದು ಐವತ್ತೈದು."
ಕುತ್ತಿಗೆ ಹಿಂದಕ್ಕೆ ಬಾಗಿಸಿ
ಆ ಐವತ್ತೈದನೆಯದರ ತುದಿ ನೋಡಿದ.
"ಬಳ್ಳಿ?"
ಮಂಡಿಯಷ್ಟು. ಚಪ್ಪರವಿಲ್ಲ, ಗೂಟವಿಲ್ಲ,
ಕುಕ್ಕರಗಾಲಲ್ಲಿ ಕೂತ ಮುದುಕಿಯ ಚಿತ್ರ, ಹಾಳೆಯ ಮೂಲೆಯಲ್ಲಿ.

ಆಗ ನಕ್ಕ.
"ಅವರು ಅಷ್ಟು ಹತ್ತಿ ಕಡೆಗೆ ಬಗ್ಗುವುದಾ ಮಾರಾಯ!
ನನ್ನದು ಮಂಡಿ ಹೋಯಿತು. ಅವರದು ಬೆನ್ನು."

ಮುದಿ ಬಳ್ಳಿ ಕೊಡುವುದು ಕಮ್ಮಿಯಂತೆ, ಎಂದೆ.
"ಮರವೂ ಹಾಗೆಯೇ. ಗಡಂಗಿನವ ಅಳೆಯುವಾಗ ಮುಖ ಸಿಂಡರಿಸುತ್ತಿದ್ದ.
ಆ ಮರದ ಅರ್ಧ ಬುರುಡೆ
ನಾನು ಯಾರಿಗೂ ಮಾರಿದ್ದಿಲ್ಲ."

ಬಾಟಲಿಗೆ ಆರು ವರ್ಷವೆಂದಾಗ ಮಾತ್ರ
ಮುಖದಲ್ಲೊಂದು ಹೊಟ್ಟೆಕಿಚ್ಚು ಹಾದು ಹೋಯಿತು.
ಅವನದು ಬೆಳಗ್ಗೆ ಸಿಹಿ, ಸಂಜೆಗೆ ಹುಳಿ,
ನಾಳೆಗೆ ಮೀನಿನ ಗಸಿಗೂ ಬೇಡ.

ಅರ್ಧ ಉಳಿಸಿದ. ಬಿರಟೆ ಒತ್ತಿ,
ಮಟ್ಟಕ್ಕೆ ಮಸಿಯ ಗೆರೆ ಎಳೆದ.
"ನಾಳೆ ನೋಡುವ."

ಹಡಗು ಹೋಯಿತು, ಈರುಳ್ಳಿಯ ದುಡ್ಡು ಬಾಕಿ.
ಬೆಳಗ್ಗೆ ಬಂದು ಮೂಸಿದ. ಮಧ್ಯಾಹ್ನ ಬಂದು ಮೂಸಿದ.
ಮರ ಹತ್ತುತ್ತಿದ್ದ ಮೂರನೆಯ ಹೊತ್ತಿಗೆ,
ತಾಳೆಯ ನೆರಳು ಮರಳಿನಲ್ಲಿ ಉದ್ದವಾಗುತ್ತಿದ್ದಾಗ,
ಲೋಟದಿಂದ ಮೂಗೆತ್ತದೆ ಹೇಳಿದ:
"ಇನ್ನೂ ಇಳಿದಿಲ್ಲ."