ಪಿನ್ನಿನ ಮೊನೆಯಷ್ಟು ನೆಲ

ಬಳೇಪೇಟೆಯ ಹಿಂದಣ ಓಣಿ, ಮೂರನೇ ಮಹಡಿ,
ಕಿಟಕಿಗೆ ಕರಿಬಟ್ಟೆ.
ಕೆಳಗಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ
ಶಾಲೆಮಕ್ಕಳ ಭೂಪಟದ ನೆಗೆಟಿವ್.
ನನ್ನ ಕೈಯಲ್ಲಿ ಸೊನ್ನೆ ನಂಬರಿನ ಕುಂಚ, ಕೆಂಪು ಬಣ್ಣ.
ಕೆಲಸ ಇಷ್ಟೇ:
ಬೇಡದ ಬೆಳಕು ಎಲ್ಲೆಲ್ಲಿ ತೂರುತ್ತದೋ
ಅಲ್ಲಲ್ಲಿ ಒಂದು ತೊಟ್ಟು ಇಟ್ಟು ಮುಚ್ಚುವುದು.

ನೆಗೆಟಿವ್‌ನಲ್ಲಿ ಕಡಲು ಕಪ್ಪು, ಊರ ಹೆಸರೆಲ್ಲ ಬೆಳಕು.
ಶಾಂತಸಾಗರವೆಂದರೆ ಹನ್ನೊಂದಂಗುಲ ಕತ್ತಲೆ,
ಧೂಳು ಕೊರೆದ ತೂತುಗಳು ಅಲ್ಲಿ ನಕ್ಷತ್ರದಂತೆ.
ಒಂದೊಂದಾಗಿ ಆರಿಸಿದೆ.
ಸಂಜೆಯಾಗಿತ್ತು, ಕರೆಂಟು ಎರಡು ಸಲ ಹೋಗಿ ಬಂದಿತ್ತು,
ಬಿನ್ನಿಮಿಲ್ಲಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ.
ಆರಿಸಿದ್ದರಲ್ಲಿ ಒಂದು
ಧೂಳಾಗಿರಲಿಲ್ಲ.

ಹನ್ನೆರಡು ಸಾವಿರ ಪ್ರತಿ ಹೋದವು.
ಬಂದದ್ದು ಒಂದೇ ಕಾರ್ಡು,
ಸುಲ್ತಾನ್‌ಪೇಟೆ ಶಾಲೆಯ ಭೂಗೋಳದ ವಿಮಲಾಕ್ಷಿ ಮೇಡಂದು:
'ಪುಟ ಮೂವತ್ತೊಂದರಲ್ಲಿ ಹೆಸರಿದೆ, ದ್ವೀಪವಿಲ್ಲ.
ಹೋದ ವರ್ಷ ಇತ್ತು. ಮುಳುಗಿತೇ? ತಿಳಿಸಿ,
ಮಕ್ಕಳಿಗೆ ಉತ್ತರ ಕೊಡಬೇಕು.'

ಫಾಜಿಲ್ ಸಾಹೇಬರು ಕಾರ್ಡನ್ನು ಮೇಜಿನ ಬೆಳಕಿಗೇ ಹಿಡಿದರು.
'ಏನ್ರೀ ಸಿಸಿಲಿಯಮ್ಮ, ಒಂದು ಊರನ್ನೇ ಮುಳುಗಿಸಿದಿರಲ್ಲ!'
'ಊರಲ್ಲ ಸಾಹೇಬರೇ, ಅಲ್ಲಿ ಜನವಿಲ್ಲವಂತೆ'
ಅಂದೆ, ಅದೇ ಏನೋ ಸಮಾಧಾನ ಎಂಬಂತೆ.

ಶನಿವಾರ ಮಧ್ಯಾಹ್ನ ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ.
ದಪ್ಪ ಪುಸ್ತಕ, ಒಂದೂವರೆ ಪುಟ.

ಕಡಲ ತಳದಿಂದ ಉಕ್ಕಿ ಬಂದ ಬೆಂಕಿಬೆಟ್ಟ,
ನೀರ ಮೇಲೆ ಕಾಣುವುದು ಮೂಗಿನ ತುದಿ.
ಕುಳಿಯ ಒಂದು ಅಂಚು ಕುಸಿದು ಬಾಯಿ ಕಡಲಿಗೆ ತೆರೆದಿದೆ.
ಲಂಗರಿಗೆ ತಳ ಸಿಗದು. ಕಾಲಿಡಲು ಒಂದೇ ಬಂಡೆ,
ಅದೂ ಅಲೆ ಮನಸ್ಸು ಮಾಡಿದರೆ.
ಹೊಳೆಯಿಲ್ಲ; ಮಳೆ ಬಿದ್ದರೆ
ಕಲ್ಲಿನ ಗುಳಿಯಲ್ಲಿ ಎರಡು ದಿನದ ನೀರು.

ಆದರೂ ಬಂದಿದ್ದರು.
ಜೋಡಿ ದೋಣಿಯಲ್ಲಿ ಕೋಳಿ, ಬಾಳೆಕಂದು,
ಒದ್ದೆ ನಾರಿನಲ್ಲಿ ಸುತ್ತಿದ ಕೆಸುವಿನ ಗೆಡ್ಡೆ.
(ಕೆಸು! ನಮ್ಮ ಬಚ್ಚಲ ನೀರಿಗೆ ಬೆಳೆಯುವ ಅದೇ ಕೆಸು.)
ಇಳಿಜಾರಿಗೆ ಕಲ್ಲು ಪೇರಿಸಿ ಮೆಟ್ಟಿಲು ಹೊಲ ಮಾಡಿದರು,
ದೇವರಿಗೆಂದು ಜಗಲಿ ಕಟ್ಟಿ, ನೆಟ್ಟಗೆ ಕಲ್ಲು ನಿಲ್ಲಿಸಿದರು.
ಮೂರು ತಲೆಮಾರೋ ಹತ್ತೋ.
ಆಮೇಲೆ ಹೋದರು.
ಯಾಕೆ ಎಂಬಲ್ಲಿ ಪುಸ್ತಕ ಅರ್ಧವಿರಾಮ ಇಟ್ಟು
ಹಕ್ಕಿಗಳ ಲೆಕ್ಕಕ್ಕೆ ಇಳಿಯುತ್ತದೆ.

ತಿಮಿಂಗಿಲ ಬೇಟೆಯ ಕಪ್ತಾನನೊಬ್ಬ
ಮೋಡದ ದಿನ ಇಪ್ಪತ್ತು ಮೈಲಿ ತಪ್ಪಿ ಗುರುತು ಹಾಕಿದ;
ಇನ್ನೊಬ್ಬ ಸರಿಯಾಗಿ ಹಾಕಿದ.
ಅರವತ್ತು ವರ್ಷ ನಕ್ಷೆಯಲ್ಲಿ ಅವಳಿ ದ್ವೀಪ.
ಮೇಕೆ ಬಿಟ್ಟರು, ಅವು ಹಸಿರನ್ನು ಮುಗಿಸಿದವು,
ಬಂದೂಕು ತಂದು ಮೇಕೆಗಳನ್ನು ಮುಗಿಸಿದರು.
ಯಾವುದೋ ಆಫೀಸಿನಲ್ಲಿ ಯಾರೋ ಗುಮಾಸ್ತ
ಅವಳಿಯಲ್ಲೊಂದನ್ನು ಅಳಿಸಿದ.
ಅವನಿಗೂ ಬಸ್ಸು ಇತ್ತೋ ಏನೋ.

ಮುಂದಿನ ಬೇಸಿಗೆ ನಗರದ ನಕ್ಷೆ ಬಂತು.
ಆಫೀಸಿನ ಹುಡುಗ ಪೆನ್ಸಿಲಿನಲ್ಲಿ ಕಾಟು ಹಾಕಿ ತಂದಿದ್ದ:
ಇಲ್ಲಿ ಕೆರೆ ಇಲ್ಲ, ಇಲ್ಲಿ ಇಲ್ಲ, ಇದೂ ತೆಗೀರಿ.
ಈ ಸಲ ತಪ್ಪಲ್ಲ, ಆರ್ಡರು.
ನೀಲಿಯ ನೆಗೆಟಿವ್‌ನಲ್ಲಿ ಕೆರೆಯೆಂದರೆ ಬೆಳಕಿನ ಮಡು.
ತೊಟ್ಟು ಸಾಲದು, ಅಗಲ ಕುಂಚ ಬೇಕು.
ಕೋಡಿಯ ಕಡೆಯಿಂದ ಶುರುಮಾಡಿ ಏರಿಯವರೆಗೆ ಬಳಿದೆ.
ಹೆಸರಿಗೆ ಕೈ ಹಚ್ಚಬೇಡಿ ಅಂದ, ಬಸ್‌ಸ್ಟಾಪಿಗೆ ಬೇಕಂತೆ.

ಯಾರ ಕಾರ್ಡೂ ಬರಲಿಲ್ಲ.

ಭೂಪಟದ ಮರುಮುದ್ರಣಕ್ಕೆ ಪುಟ ಮೂವತ್ತೊಂದು
ಮತ್ತೆ ನನ್ನ ಮೇಜಿಗೆ ಬಂದಾಗ
ಸೆರಗಿನ ಪಿನ್ನು ತೆಗೆದೆ.
ಹೆಸರಿನ ಎಡಕ್ಕೆ, ಕೂದಲೆಳೆ ಕೆಳಗೆ,
ಒಣಗಿದ ಕೆಂಪನ್ನು ಮೊನೆಯಿಂದ ಕೆರೆದೆ.
ಮೊದಲು ಏನೂ ಇಲ್ಲ. ಆಮೇಲೆ ಬೆಳಕು.
ಕೈ ಒಂಚೂರು ಅಲುಗಿತು.
ದ್ವೀಪ ಅಳತೆಗಿಂತ ಕೊಂಚ ದೊಡ್ಡದಾಯಿತು, ತೆಂಕಣ ಬದಿಗೆ,
ದೋಣಿ ನಿಲ್ಲಲು ತಾವಿಲ್ಲವೆಂದು ಓದಿದ್ದೆನಲ್ಲ, ಅಲ್ಲಿ.

ಸಾಹೇಬರಿಗೆ ಹೇಳಲಿಲ್ಲ.
ಮೇಡಂಗೆ ಬರೆದೆ: ಮುಳುಗಿಲ್ಲ. ಇದೆ.