ಇಪ್ಪತ್ತು ಸಾಲು

ಸಿದ್ದಾಪುರದ ನರ್ಸರಿಯಿಂದ ಬಂತು,
ಉಪ್ಪಿನಕಾಯಿ ಬಾಟಲಿಯಲ್ಲಿ,
ಮುಚ್ಚಳಕ್ಕೆ ಮೊಳೆಯಲ್ಲಿ ಹೊಡೆದ ಮೂರು ತೂತು.
ಮುನಿಪಾಪಮ್ಮ ಹೇಳಿ ಕಳಿಸಿದ್ದಳು:
"ಎರೆಹುಳ ಅಂದ್ಕೊಂಡೆ. ನಾಲಿಗೆ ಚಾಚ್ತು."

ಎರೆಹುಳಕ್ಕೆಲ್ಲಿಯ ನಾಲಿಗೆ.
ಗುರುತಿನ ಮೊದಲ ಮೆಟ್ಟಿಲು ಅವಳೇ ಹತ್ತಿಯಾಗಿದೆ,
ಮಿಕ್ಕದ್ದಕ್ಕೆ ನನಗೆ ಸಂಬಳ.

ಕಾಲೇಜಿನ ಎರಡನೇ ಮಹಡಿ, ಸ್ಪಿರಿಟ್ಟಿನ ವಾಸನೆ.
ಮೈಕ್ರೋಸ್ಕೋಪಿನ ಎಡಗಣ್ಣಿಗೆ ಬೂಷ್ಟು ಹಿಡಿದು
ಇಪ್ಪತ್ತೆರಡು ವರ್ಷದಿಂದ ನಾನು
ಬಲಗಣ್ಣಲ್ಲೇ ಹಾವು ನೋಡುತ್ತಿದ್ದೇನೆ.
ಹೊಸದಕ್ಕೆ ಬರೆದ ಅರ್ಜಿ ಎಲ್ಲೋ ಹರಿದಾಡುತ್ತಿದೆ,
ಅದಕ್ಕೂ ಕಣ್ಣಿಲ್ಲ.

ಗಾಜಿನ ನಳಿಗೆಯಲ್ಲಿ ಬಿಟ್ಟು
ಎರಡು ತುದಿಗೂ ಹತ್ತಿ ಇಟ್ಟೆ.
ಶೂ ಲೇಸಿನಷ್ಟು ದಪ್ಪ, ನೇರಳೆಗಪ್ಪು ಮೈ,
ಯಾವ ಕಡೆ ತಲೆ ಎಂದು ಅದು ಹೇಳದು.

ಕೈಪಿಡಿಗೆ ಪಂಚಾಯ್ತಿ ಕಟ್ಟೆಯ ಮಾತು:
ಹೌದೋ, ಅಲ್ಲವೋ, ನಡುವೆ ಮಾತಿಲ್ಲ.
ಕಣ್ಣು ಹುರುಪೆಯಡಿಯ ಬರೀ ಚುಕ್ಕೆಯೆ?
ಹೌದಾದರೆ ಎರಡಕ್ಕೆ ಹೋಗು.
ಹೊಟ್ಟೆಯ ಹುರುಪೆ ಬೆನ್ನಿನದಕ್ಕಿಂತ ಅಗಲವೆ?
ಅಲ್ಲವಾದರೆ ನಾಲ್ಕಕ್ಕೆ.
ಬಾಲದ ತುದಿಗೆ ಮುಳ್ಳುಂಟೆ?
ಉಂಟು. ಬೆರಳಿಗೆ ಚುಚ್ಚಿಯೂ ತೋರಿಸಿತು,
ಕುಟುಕುವ ಗತ್ತು, ವಿಷ ಮಾತ್ರ ಇಲ್ಲ.

ಮೈ ಸುತ್ತ ಎಷ್ಟು ಸಾಲು?
ನಳಿಗೆ ಉರುಳಿಸುತ್ತ ಎಣಿಸಬೇಕು.
ಹದಿಮೂರಕ್ಕೆ ಅದು ಮಗ್ಗುಲಾಯಿತು,
ಮತ್ತೆ ಒಂದು.
ಹದಿನೇಳಕ್ಕೆ ಅಂಥೋಣಪ್ಪ ಟೀ ತಂದರು:
"ಇದು ಕಿವಿಯೊಳಗೆ ಹೋಗ್ತದಂತಲ್ಲ ಮೇಡಂ?"
ಇಲ್ಲ, ಇರುವೆ ಮೊಟ್ಟೆ ತಿಂದುಕೊಂಡು ಇರ್ತದೆ ಪಾಪ, ಅಂದೆ.
ತಲೆಯಾಡಿಸಿ, ಮಫ್ಲರು ಇನ್ನೊಂದು ಸುತ್ತು ಬಿಗಿದುಕೊಂಡರು.
ಮತ್ತೆ ಒಂದು.

ಇಪ್ಪತ್ತು.
ಮೂಗಿನ ಕೆಳಗಿನ ಹೊಲಿಗೆ
ತುಟಿಯ ಎರಡನೇ ಹುರುಪೆಗೆ ಹೋಗದೆ
ಕಣ್ಣಿನ ಮುಂದಿನದಕ್ಕೆ ಹೋಗಿ ಸೇರಿದೆ.
ಕೂದಲೆಳೆಯಷ್ಟು ಗೀಟು, ಅದರ ಮೇಲೇ ನಿಂತಿದೆ
ಇದು ಇದೇ, ಇನ್ನೊಂದಲ್ಲ ಎನ್ನುವ ಮಾತು.

ಬೀರುವಿನಲ್ಲಿ ಇದರ ಅಕ್ಕಂದಿರಿದ್ದಾರೆ.
'ಸಂಪಂಗಿ ಕೆರೆ, ಕೊಳೆತ ದಿಮ್ಮಿಯ ಅಡಿ' ಎನ್ನುತ್ತದೆ ಒಂದು ಚೀಟಿ.
ಕೆರೆಯ ಜಾಗದಲ್ಲಿ ಈಗ ಓಡುವವರಿಗೆ ಬಿಳಿ ಗೆರೆ ಎಳೆದಿದೆ,
ಚೀಟಿ ತಿದ್ದುವ ಹಕ್ಕು ನನಗಿಲ್ಲ.
ಒಂದೇ ಜಾಡಿಗೆ ಮೂರು ಚೀಟಿ, ಒಂದರ ಮೇಲೊಂದು:
ದೊಡ್ಡವರು ಕೂತು ಎರಡು ಸಲ ಇದರ ಜಾತಿ ಬದಲಾಯಿಸಿದರು.
ಮಣ್ಣಿನೊಳಗೆ ಯಾರೂ ಹೋಗಿ ಹೇಳಿರಲಾರರು.

ರಿಜಿಸ್ಟರಿನ ಮನೆಗಳು.
ಸಿಕ್ಕ ಜಾಗ: ದಾಸವಾಳದ ಕುಂಡ.
ಹಿಡಿದವರು: ಮುನಿಪಾಪಮ್ಮ.
ಲಿಂಗ: ನೋಡದೆಯೇ ಬರೆಯಬಹುದು.

ಸಂಜೆ ನಾನೇ ತೆಗೆದುಕೊಂಡು ಹೋದೆ.
ಅವಳು ಕೆಮ್ಮಣ್ಣಿಗೆ ಗೊಬ್ಬರ ಕಲಸುತ್ತಿದ್ದಳು,
ಮೊಣಕೈವರೆಗೂ.
"ಏನಂತೆ ಹೆಸ್ರು?"
ಲ್ಯಾಟಿನ್ನಿನಲ್ಲಿ ಹೇಳಿದೆ. ಕೊನೆಗೆ 'ಬ್ರಾಮಿನಸ್' ಅಂತ ಬರುತ್ತದೆ, ಅಂದೆ.
ಅವಳು ನಕ್ಕಳು, ಎಲೆಅಡಿಕೆ ಕೆನ್ನೆ ಬದಲಾಯಿಸಿದಳು:
"ದಿನಾ ಮಣ್ಣಾಗೆ ಬೀಳೋದು ನಾವು,
ಹೆಸ್ರು ಮಾತ್ರ ಅವ್ರದಾ!"

ಎಲ್ಲಾ ಹೆಣ್ಣೇ ಇವು, ಅಂದೆ.
"ಗಂಡು?"
ಇಲ್ಲ.
"ಸತ್ತೋಗಿರ್ತದೆ."
ಇರಲೇ ಇಲ್ಲ. ಒಬ್ಬಳೇ ಮೊಟ್ಟೆಯಿಟ್ಟು, ಮರಿ ಮಾಡಿ,
ಕುಂಡದ ಮಣ್ಣಲ್ಲಿ ಕೂತೇ ಹಡಗು ಹತ್ತಿ
ಗೊತ್ತಿಲ್ಲದ ದ್ವೀಪಗಳಲ್ಲೂ ಮನೆ ಹೂಡಿದ್ದಾಳೆ.

ಅವಳ ಕೈ ಮಣ್ಣೊಳಗೇ ನಿಂತಿತು.
"ನಮ್ಮನೇಲಿ ಇದ್ದ," ಅಂದಳು.
ಸ್ವಲ್ಪ ಹೊತ್ತು ಬಿಟ್ಟು, "ಲೆಕ್ಕಕ್ಕಿಲ್ಲ."

ಬಾಟಲಿ ಬಗ್ಗಿಸಿದೆ. ಮಣ್ಣು ಅದನ್ನು
ಸೂಜಿ ನುಂಗಿದ ಬಟ್ಟೆಯ ಹಾಗೆ ಒಳಗೆಳೆದುಕೊಂಡಿತು,
ಮೊದಲು ಹೋದದ್ದು ತಲೆಯೇ ಇರಬೇಕು.

ನಾವಿನ್ನೂ ಮಾತಾಡುತ್ತಿದ್ದೆವು,
ಸ್ಕೂಟರಿನ ಹುಡುಗಿಯೊಬ್ಬಳು ಅದೇ ಕುಂಡ ತೋರಿಸಿ
"ಇದಕ್ಕೆಷ್ಟು?" ಅಂದಳು.
ಮುನಿಪಾಪಮ್ಮ ನನ್ನ ಮುಖ ನೋಡಿದಳು.
ನಾನು ಕುಂಡ ನೋಡಿದೆ.
"ನೂರಾ ನಲವತ್ತು. ಹುಳ ಬಿದ್ರೆ ಔಷ್ದಿ ಹಾಕ್ಬೇಡ, ತಾಯಿ."

ಕಾಲ ನಡುವೆ ಕುಂಡ ಇಟ್ಟುಕೊಂಡು
ಡಬಲ್ ರೋಡಿನ ಸಿಗ್ನಲ್ಲಿನ ಕಡೆ ಹೋದಳು,
ಒಂದು ಮೊಗ್ಗು ಹ್ಯಾಂಡಲಿಗೆ ತಾಗುತ್ತ.